ವಿರಳವೆಂಬುದು ಯಾರ ಲೆಕ್ಕ? ಮುಳಬಾಗಿಲು ಸೀಮೆಯಲ್ಲಿ ಅರಿವಳಿಕೆಯ ಅಪಾಯ ತಿಳಿಸುವುದರ ಬಗ್ಗೆ ಒಂದು ಟಿಪ್ಪಣಿ

1. ವಿಷಯ

ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರದಲ್ಲಿ ಅರಿವಳಿಕೆಗೆ ಸಿಗುವ ಜಾಗ ಕಡಿಮೆ. ಅರಿವಳಿಕೆಯಿಂದ ಆಗಬಹುದಾದ ತೊಡಕುಗಳನ್ನು ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸಿದ್ದಾರೆ ಎಂಬರ್ಥದ ಒಂದು ಸಾಲು, ಅದರ ಕೆಳಗೆ ಸಹಿ ಅಥವಾ ಹೆಬ್ಬೆಟ್ಟು, ಪಕ್ಕದಲ್ಲಿ ಸಾಕ್ಷಿಯ ಹೆಸರು. ಯಾವ ತೊಡಕು, ಯಾವ ಭಾಷೆ, ಹೇಳಿದವರು ಯಾರು, ಕೇಳಿದವರಿಗೆ ಏನು ಅರ್ಥವಾಯಿತು ಎಂಬುದು ಆ ಕಾಗದದಿಂದ ಗೊತ್ತಾಗುವುದಿಲ್ಲ.

ಈ ಟಿಪ್ಪಣಿ ಕೇಳಿಕೊಳ್ಳುವ ಪ್ರಶ್ನೆ ಒಂದೇ. ಮುಳಬಾಗಿಲು ಸೀಮೆಯ ರೋಗಿಗೆ ಅರಿವಳಿಕೆ ಕೊಡುವ ಮೊದಲು ಏನನ್ನು ಹೇಳಬೇಕು, ಏನನ್ನು ಕೇಳಬೇಕು? ಎಲ್ಲೋ ಸಿದ್ಧವಾದ ಅಪಾಯಗಳ ಪಟ್ಟಿಯನ್ನು ಕನ್ನಡಕ್ಕೆ ತಿರುಗಿಸಿ ಓದಿ ಹೇಳಿದರೆ ಸಾಲದು ಎಂಬುದು ನನ್ನ ನಿಲುವು. ಪಠ್ಯಪುಸ್ತಕ ‘ವಿರಳ’ ಎಂದು ಬದಿಗಿಡುವ ಒಂದು ಅಪಾಯ ಈ ಸೀಮೆಯ ಕೆಲವು ಮನೆಗಳಿಗೆ ವಿರಳವೇ ಅಲ್ಲ. ಅದನ್ನು ಮೊದಲೇ ಹಿಡಿಯಲು ಬೇಕಾದ ಸುಳಿವು ವೈದ್ಯರ ಪುಸ್ತಕದಲ್ಲಿ ಅರ್ಧ ಇದ್ದರೆ, ಉಳಿದರ್ಧ ರೋಗಿಯ ಮನೆಯ ಹಿರಿಯರ ನೆನಪಿನಲ್ಲಿದೆ. ಈ ಎರಡೂ ಒಂದೆಡೆ ಸೇರುವುದಕ್ಕೆ ಇರುವುದು ಶಸ್ತ್ರಚಿಕಿತ್ಸೆಗೆ ಮುಂಚಿನ ಮಾತುಕತೆ ಮಾತ್ರ.

2. ಸೀಮೆ ಮತ್ತು ಮಾತು

‘ಮೂಡಲ ಬಾಗಿಲು’ ಎಂಬುದೇ ಮುಳಬಾಗಿಲು ಆಯಿತೆನ್ನುತ್ತಾರೆ. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿ ಕೋಲಾರ, ಮುಳಬಾಗಿಲು ದಾಟಿ ನಂಗಲಿಯ ಬಳಿ ಆಂಧ್ರಕ್ಕೆ ಹೊಗುತ್ತದೆ. ಇಲ್ಲಿ ಶಾಲೆಯ ಓದು, ಕಚೇರಿಯ ಕಾಗದ ಕನ್ನಡದಲ್ಲಿ. ಬಹಳ ಮನೆಗಳ ಒಳಮಾತು ತೆಲುಗಿನಲ್ಲಿ. ಮುಸ್ಲಿಂ ಮೊಹಲ್ಲಾಗಳಲ್ಲಿ ದಖ್ಖನಿ ಉರ್ದು. ಮನೆಯಲ್ಲಿ ತೆಲುಗು ಆಡುವವರಲ್ಲಿ ಎಷ್ಟೋ ಮಂದಿಗೆ ತೆಲುಗು ಲಿಪಿ ಬಾರದು. ಆದ್ದರಿಂದ ಒಪ್ಪಿಗೆ ಪತ್ರವನ್ನು ತೆಲುಗಿನಲ್ಲಿ ಅಚ್ಚು ಹಾಕಿಸಿದರೂ ಸಮಸ್ಯೆ ತೀರುವುದಿಲ್ಲ. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 74, ಹೆಂಗಸರಲ್ಲಿ ಶೇ. 67ರ ಆಸುಪಾಸು. ಮೂವರು ಹೆಂಗಸರಲ್ಲಿ ಒಬ್ಬರಿಗೆ ಯಾವ ಲಿಪಿಯ ಪತ್ರವೂ ಒಂದೇ. ಇಲ್ಲಿ ಅಪಾಯ ತಿಳಿಸುವುದೆಂದರೆ ಬಾಯಿಮಾತಿನಲ್ಲಿ ತಿಳಿಸುವುದು.

ಆ ಬಾಯಿಮಾತಿಗೆ ಪದ ಯಾವುದು? ‘ಅರಿವಳಿಕೆ’ ಒಳ್ಳೆಯ ಕನ್ನಡ ಪದ. ಅರಿವು ಅಳಿಯುವುದು ಎಂಬ ಅರ್ಥ ಅದರಲ್ಲೇ ಇದೆ. ಆದರೆ ಅದು ಪುಸ್ತಕದ, ಬೋರ್ಡಿನ ಪದ. ಜನ ಅನ್ನುವುದು ‘ಮತ್ತು’: ಮತ್ತು ಕೊಟ್ಟರು, ಮತ್ತು ಏರಿತು, ಮತ್ತು ಇಳಿಯಿತು. ತೆಲುಗಿನಲ್ಲೂ ಇದೇ ‘ಮತ್ತು’. ಕನ್ನಡದ ವೈದ್ಯರೂ ತೆಲುಗಿನ ರೋಗಿಯೂ ಒಂದೇ ಪದದ ಮೇಲೆ ನಿಂತು ಮಾತಾಡಬಹುದೆಂಬುದು ಈ ಗಡಿಸೀಮೆಗೆ ದಕ್ಕಿದ ಅನುಕೂಲ.

ಎರಡೂ ಪದಗಳಿಗೆ ಒಂದು ಮಿತಿಯಿದೆ. ಹೆರಿಗೆಯ ಸಿಸೇರಿಯನ್, ಹರ್ನಿಯಾ, ಕಾಲಿನ ಮೂಳೆಯ ಆಪರೇಷನ್‌ಗಳಲ್ಲಿ ಹೆಚ್ಚಾಗಿ ಕೊಡುವುದು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸೂಜಿಯಿಂದ ಔಷಧಿ. ಅಲ್ಲಿ ಅರಿವು ಅಳಿಯುವುದಿಲ್ಲ, ಮತ್ತೂ ಏರುವುದಿಲ್ಲ. ಸೊಂಟದಿಂದ ಕೆಳಗೆ ಮರಗಟ್ಟುತ್ತದೆ, ಅಷ್ಟೆ. ‘ಮತ್ತು ಕೊಡುತ್ತೇವೆ’ ಎಂದಷ್ಟೇ ಕೇಳಿ ಮಲಗಿದ ಹೆಂಗಸಿಗೆ ವೈದ್ಯರ ಮಾತು, ಕತ್ತರಿಯ ಸದ್ದು ಕೇಳಿಸತೊಡಗಿದರೆ ಮತ್ತು ಹಿಡಿದಿಲ್ಲವೆಂದು ಗಾಬರಿಯಾಗುವುದು ಸಹಜ. ‘ಜೋಮು ಹಿಡಿಯುವ ಇಂಜೆಕ್ಷನ್’ ಎಂದು ಕನ್ನಡದಲ್ಲಿ, ‘ತಿಮ್ಮಿರಿ’ ಎಂದು ತೆಲುಗಿನಲ್ಲಿ ಹೇಳಿ, ‘ನಿಮಗೆ ಎಚ್ಚರ ಇರುತ್ತದೆ, ಮುಟ್ಟಿದ್ದು ಎಳೆದದ್ದು ಗೊತ್ತಾಗಬಹುದು, ನೋವು ಮಾತ್ರ ಇರುವುದಿಲ್ಲ, ನೋವಾದರೆ ಆ ಕ್ಷಣವೇ ಹೇಳಿ’ ಎಂದು ಸೇರಿಸಿದರೆ ಆ ಗಾಬರಿ ಹುಟ್ಟುವುದಿಲ್ಲ.

3. ಕಾನೂನು ಏನು ಕೇಳುತ್ತದೆ

ಭಾರತದಲ್ಲಿ ಒಪ್ಪಿಗೆಯ ಬಗ್ಗೆ ಮುಖ್ಯ ತೀರ್ಪು ಸಮೀರಾ ಕೊಹ್ಲಿ ಪ್ರಕರಣದ್ದು. ಸುಪ್ರೀಂ ಕೋರ್ಟು ಅದನ್ನು ಕೊಟ್ಟದ್ದು 2008ರ ಜನವರಿ 16ರಂದು. ಲ್ಯಾಪರೋಸ್ಕೋಪಿಯಿಂದ ತಪಾಸಣೆ ಮಾಡಿಸಿಕೊಳ್ಳಲು ಒಪ್ಪಿ ಅರಿವಳಿಕೆ ಪಡೆದಿದ್ದ ಮಹಿಳೆ ಇನ್ನೂ ಮತ್ತಿನಲ್ಲಿದ್ದಾಗ, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯಲಾಗಿತ್ತು. ಜೀವಕ್ಕೆ ತುರ್ತು ಇಲ್ಲದಿರುವಾಗ, ಎಚ್ಚರವಾದ ಮೇಲೆ ಕೇಳಬಹುದಾದ ವಯಸ್ಕ ರೋಗಿಯ ಬದಲಿಗೆ ತಾಯಿ ಒಪ್ಪಿಗೆ ಕೊಡಲಾಗದು ಎಂದು ನ್ಯಾಯಾಲಯ ಹೇಳಿತು. ಚಿಕಿತ್ಸೆಯ ಸ್ವರೂಪ, ಉದ್ದೇಶ, ಪ್ರಯೋಜನ, ಬೇರೆ ದಾರಿಗಳು, ಗಣನೀಯ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ, ಇಷ್ಟನ್ನು ರೋಗಿಗೆ ತಿಳಿಸಬೇಕು ಎಂದಿತು. ಜೊತೆಗೆ, ತೀರ ದೂರದ ಅಥವಾ ಬರೀ ಸೈದ್ಧಾಂತಿಕವಾದ ಅಪಾಯಗಳನ್ನು ವಿವರಿಸಿ ರೋಗಿಯನ್ನು ಹೆದರಿಸಬೇಕಿಲ್ಲ ಎಂದೂ ಸೇರಿಸಿತು.

ಈ ಕೊನೆಯ ಮಾತು ವಿವೇಕದ್ದೇ. ಆದರೆ ಒಂದು ಅಪಾಯ ದೂರದ್ದೋ ಹತ್ತಿರದ್ದೋ ಎಂದು ಅಳೆಯುವುದು ಯಾರನ್ನು ಎದುರಿಗಿಟ್ಟುಕೊಂಡು? ಇಡೀ ದೇಶದ ಸರಾಸರಿ ರೋಗಿಯನ್ನೋ, ಈಗ ಮಂಚದ ಮೇಲೆ ಕುಳಿತಿರುವ ಈ ಮನುಷ್ಯನನ್ನೋ? ತೀರ್ಪಿನ ಆಶಯ ಎರಡನೆಯದೇ ಎಂದು ನಾನು ಓದುತ್ತೇನೆ, ಏಕೆಂದರೆ ಒಪ್ಪಿಗೆ ಕೊಡುವುದು ಸರಾಸರಿ ರೋಗಿಯಲ್ಲ. ಮುಂದಿನ ಎರಡು ಭಾಗಗಳು ಈ ಮಾತಿಗೆ ಆಧಾರ.

4. ಸ್ಕೋಲಿನ್ ಮತ್ತು ಒಂದು ಸಮುದಾಯ

ಪೂರ್ತಿ ಅರಿವಳಿಕೆ ಕೊಡುವಾಗ ಹಲವು ಸಲ ಗಂಟಲಿನೊಳಗೆ ಉಸಿರಾಟದ ನಳಿಕೆ ಇಳಿಸಬೇಕಾಗುತ್ತದೆ. ಸ್ನಾಯುಗಳು ಬಿಗಿಯಾಗಿದ್ದರೆ ನಳಿಕೆ ಇಳಿಯದು. ತುರ್ತಿನಲ್ಲಿ ಬೇಗ ಸಡಿಲಿಸಲು 1951ರಿಂದ ಬಳಕೆಯಲ್ಲಿರುವ ಔಷಧಿ ಸಕ್ಸಮೆಥೋನಿಯಂ. ನಮ್ಮ ಆಪರೇಷನ್ ಥಿಯೇಟರುಗಳಲ್ಲಿ ಅದಕ್ಕೆ ಸ್ಕೋಲಿನ್ ಎಂದೇ ಹೆಸರು. ಕೊಟ್ಟ ಸ್ವಲ್ಪ ಹೊತ್ತಿಗೆ ಮೈಯ ಸ್ನಾಯುಗಳು ಅಲ್ಲಲ್ಲಿ ಸಣ್ಣಗೆ ಅದುರುತ್ತವೆ. ಒಂದು ನಿಮಿಷದೊಳಗೆ ಎಲ್ಲವೂ ಸಡಿಲ. ಉಸಿರಾಟದ ಸ್ನಾಯುಗಳೂ ನಿಲ್ಲುವುದರಿಂದ ಅರಿವಳಿಕೆ ತಜ್ಞರು ಚೀಲ ಒತ್ತಿ ಉಸಿರು ಕೊಡುತ್ತಿರುತ್ತಾರೆ. ರಕ್ತದಲ್ಲಿರುವ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಈ ಔಷಧಿಯನ್ನು ಒಡೆದುಹಾಕುತ್ತದೆ. ಐದರಿಂದ ಹತ್ತು ನಿಮಿಷದಲ್ಲಿ ರೋಗಿ ತಾನೇ ಉಸಿರೆಳೆಯಲು ತೊಡಗುತ್ತಾನೆ.

ಆ ಕಿಣ್ವ ಹುಟ್ಟಿನಿಂದಲೇ ಕೆಲಸ ಮಾಡದವರಲ್ಲಿ ಹತ್ತು ನಿಮಿಷದ ಪರಿಣಾಮ ಗಂಟೆಗಟ್ಟಲೆ ಉಳಿಯುತ್ತದೆ. ಹೃದಯ ಬಡಿಯುತ್ತಿರುತ್ತದೆ, ಮತ್ತು ಇಳಿದಿದ್ದರೆ ಕಿವಿಯೂ ಕೇಳುತ್ತಿರುತ್ತದೆ, ಆದರೆ ಕಣ್ಣೆವೆ ಸಹ ಎತ್ತಲಾಗದು, ಉಸಿರು ತೆಗೆಯಲಾಗದು. ತಜ್ಞರು ಇದನ್ನು ಗುರುತಿಸಿ, ನಿದ್ರೆಯ ಔಷಧಿ ಮುಂದುವರಿಸಿ, ವೆಂಟಿಲೇಟರಿನಲ್ಲಿಟ್ಟು ಕಾದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ. ಮೈಗೆ ಶಾಶ್ವತ ಹಾನಿಯಿಲ್ಲ. ಗುರುತಿಸದೆ ನಳಿಕೆ ತೆಗೆದರೆ, ಇಲ್ಲವೇ ವೆಂಟಿಲೇಟರ್ ಇಲ್ಲದ ಕಡೆ ಇದು ಎದುರಾದರೆ, ಜೀವಕ್ಕೇ ಕುತ್ತು. ದಿನನಿತ್ಯದ ಬದುಕಿನಲ್ಲಿ ಈ ಕಿಣ್ವದ ಕೊರತೆಯಿಂದ ಯಾವ ತೊಂದರೆಯೂ ಇಲ್ಲದ್ದರಿಂದ, ಅದು ತನ್ನಲ್ಲಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಜಗತ್ತಿನ ಹೆಚ್ಚಿನ ಜನವರ್ಗಗಳಲ್ಲಿ ಈ ಪೂರ್ಣ ಕೊರತೆ ತೀರ ಅಪರೂಪ. ಆದರೆ ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ, ಅಂದರೆ ಕೋಲಾರ ಜಿಲ್ಲೆಯ ಪೇಟೆಗಳಲ್ಲೂ ತಲೆತಲಾಂತರದಿಂದ ವ್ಯಾಪಾರ ಮಾಡಿಕೊಂಡು ಬಂದಿರುವ, ವಾಸವಿ ಕನ್ನಿಕಾ ಪರಮೇಶ್ವರಿಯನ್ನು ಕುಲದೇವತೆಯಾಗಿ ಪೂಜಿಸುವ ಆರ್ಯವೈಶ್ಯರಲ್ಲಿ, ಇದು ಅಪರೂಪವಲ್ಲ. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಇದರ ಮೂಲವನ್ನು ತೋರಿಸಿದರು. ಕಿಣ್ವದ 307ನೆಯ ಸ್ಥಾನದಲ್ಲಿ ಲ್ಯೂಸಿನ್ ಇರಬೇಕಾದಲ್ಲಿ ಪ್ರೋಲಿನ್ ಬಂದಿರುವ ಒಂದು ಜೀನ್ ಬದಲಾವಣೆ ಅದು. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳೂ ಪಾಲ್ಗೊಂಡು ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟಿಸಿದ ಅಧ್ಯಯನವು, ವೈಶ್ಯರಲ್ಲಿ ಈ ಕೊರತೆ ಇತರರಿಗಿಂತ ಸುಮಾರು ನೂರು ಪಟ್ಟು ಹೆಚ್ಚು ಎಂದು ದಾಖಲಿಸಿದೆ. ಕಾರಣ ರೋಗವಲ್ಲ, ಇತಿಹಾಸ. ಬಹಳ ಹಿಂದೆ ಕೆಲವೇ ಪೂರ್ವಜರಿಂದ ಬೆಳೆದ ಸಮುದಾಯ ತಲೆಮಾರುಗಳಿಂದ ತನ್ನೊಳಗೇ ಹೆಣ್ಣು ಕೊಟ್ಟು ತಂದುಕೊಂಡಾಗ, ಆ ಪೂರ್ವಜರಲ್ಲಿ ಒಬ್ಬಿಬ್ಬರಿಗಿದ್ದ ಬದಲಾವಣೆ ಎಲ್ಲೆಡೆ ಹರಡುತ್ತದೆ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಪೂರ್ಣ ಕೊರತೆ. ಒಬ್ಬರಲ್ಲಿ ಕಂಡರೆ ಅವರ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ.

ದಕ್ಷಿಣ ಭಾರತದ ಅರಿವಳಿಕೆ ತಜ್ಞರಿಗೆ ಇದು ಹೊಸ ಸುದ್ದಿಯಲ್ಲ, ‘ನೀವು ವೈಶ್ಯರಾ?’ ಎಂದು ಕೇಳುವ ರೂಢಿ ಹಿಂದಿನಿಂದಲೂ ಇದೆ. ರೋಗಿಗೆ ಮಾತ್ರ ಆ ಪ್ರಶ್ನೆಯ ಕಾರಣ ಯಾರೂ ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಜಾತಿ ಯಾಕೆ ಕೇಳುತ್ತಾರೆಂದು ಕೆಲವರು ಮುಜುಗರಪಡುತ್ತಾರೆ, ಕೆಲವರು ಹೇಳದೆ ಇದ್ದುಬಿಡಬಹುದು. ಕಾರಣವನ್ನು ಮೊದಲು ಹೇಳಿ ಆಮೇಲೆ ಕೇಳಿದರೆ ಪ್ರಶ್ನೆಯ ಗೌರವ ಉಳಿಯುತ್ತದೆ, ಉತ್ತರವೂ ಸಿಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಹಿಂದೆ ಒಂದು ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಆ ಮನೆ ಅದನ್ನು ‘ಸ್ಕೋಲಿನ್‌ನಿಂದಾದ ತೊಂದರೆ’ ಎಂದು ನೆನಪಿಟ್ಟುಕೊಂಡಿರುವುದಿಲ್ಲ. ‘ದೊಡ್ಡಪ್ಪನಿಗೆ ಎಚ್ಚರ ಆಗೋಕೆ ತುಂಬಾ ಹೊತ್ತು ಹಿಡೀತು’, ‘ಅತ್ತೆಗೆ ಮತ್ತು ಜಾಸ್ತಿ ಆಗಿ ಮಿಷನ್ ಹಾಕಿದ್ರು’ ಎಂದು ನೆನಪಿಟ್ಟುಕೊಂಡಿರುತ್ತದೆ. ಆದ್ದರಿಂದ ‘ನಿಮ್ಮ ಕುಟುಂಬದಲ್ಲಿ ಅರಿವಳಿಕೆಯ ತೊಡಕಿನ ಇತಿಹಾಸ ಇದೆಯೇ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ಅದೇ ಮನೆಯವರನ್ನು ‘ನಿಮ್ಮೋರಲ್ಲಿ ಯಾರಿಗಾದ್ರೂ ಆಪರೇಷನ್ ಮುಗಿದ ಮೇಲೂ ಉಸಿರಿಗೆ ಮಿಷನ್ ಹಾಕಿದ್ರಾ?’ ಎಂದು ಕೇಳಿದರೆ ದೊಡ್ಡಪ್ಪನ ಕಥೆ ಹೊರಬರುತ್ತದೆ. ಈ ಎರಡನೆಯ ಪ್ರಶ್ನೆಯನ್ನು ಜಾತಿ ನೋಡದೆ ಎಲ್ಲರಿಗೂ ಕೇಳಬೇಕು, ಏಕೆಂದರೆ ಕೊರತೆ ಬೇರೆಯವರಲ್ಲೂ ಇರಬಹುದು. ಸಂಶಯ ಬಂದರೆ ಕೋಲಿನೆಸ್ಟರೇಸ್ ಮಟ್ಟ ತಿಳಿಯುವ ರಕ್ತಪರೀಕ್ಷೆ ಇದೆ. ಸ್ಕೋಲಿನ್ ಬಿಟ್ಟು ರೊಕ್ಯುರೋನಿಯಂನಂಥ ಬೇರೆ ಔಷಧಿ ಬಳಸುವ ದಾರಿಯೂ ಇದೆ.

ಇದೇ ಕಿಣ್ವಕ್ಕೆ ಈ ಜಿಲ್ಲೆಯ ಹೊಲಗಳಿಂದಲೂ ಪೆಟ್ಟು ಬೀಳುತ್ತದೆ. ಕೋಲಾರ ಟೊಮೇಟೊ ಬೆಳೆಗೆ ಹೆಸರಾದ ಸೀಮೆ. ಬೆಳೆಗೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಮೈಗೆ ಹೊಕ್ಕಾಗ ಕುಗ್ಗಿಸುವುದು ಈ ಕೋಲಿನೆಸ್ಟರೇಸ್ ಗುಂಪಿನ ಕಿಣ್ವಗಳನ್ನೇ. ಇಲ್ಲೂ ಪದವೇ ಎಡವಿಸುತ್ತದೆ. ‘ಯಾವುದಾದರೂ ಔಷಧಿ ತಗೋತಿದ್ದೀರಾ?’ ಎಂದು ವೈದ್ಯರು ಕೇಳುವುದು ಮಾತ್ರೆಯ ವಿಷಯ. ರೈತನ ಬಾಯಲ್ಲಿ ‘ಔಷಧಿ ಹೊಡೆಯೋದು’ ಬೇರೆಯೇ. ‘ತೋಟಕ್ಕೆ ಔಷಧಿ ಹೊಡೆದು ಎಷ್ಟು ದಿನ ಆಯ್ತು?’ ಎಂದು ಬೇರೆಯಾಗಿಯೇ ಕೇಳದಿದ್ದರೆ ಅದು ಕೇಸ್ ಶೀಟಿಗೆ ಬರುವುದಿಲ್ಲ.

5. ನೀರು ಮತ್ತು ಬೆನ್ನು

ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ, ಕುಡಿಯುವ ನೀರಿನ ಫ್ಲೋರೈಡ್‌ನಿಂದ ಮೂಳೆ ಕೆಡುವುದನ್ನು 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ವರದಿ ಮಾಡಿದರು. ಕೋಲಾರ ಜಿಲ್ಲೆಯೂ ಕರ್ನಾಟಕದ ಫ್ಲೋರೈಡ್ ಪೀಡಿತ ಜಿಲ್ಲೆಗಳಲ್ಲಿ ಒಂದು. ಕೆರೆ ಬತ್ತಿ, ಬೋರ್‌ವೆಲ್ ಸಾವಿರ ಅಡಿ ದಾಟಿದ ಮೇಲೆ ಕಗ್ಗಲ್ಲಿನ ಸಂದಿಯ ನೀರೇ ಕುಡಿಯುವ ನೀರಾಯಿತು. ಭಾರತೀಯ ಮಾನದಂಡದಂತೆ ಬೇರೆ ಮೂಲವಿಲ್ಲದಾಗಲೂ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೊದಲು ಹಲ್ಲಿನ ಮೇಲೆ ಕಂದು ಪಟ್ಟೆ, ಆಮೇಲೆ ಕತ್ತು, ಬೆನ್ನು, ಮಂಡಿಗಳ ಬಿಗಿತ. ತೀವ್ರವಾದ ಕಡೆ ಬೆನ್ನೆಲುಬಿನ ಅಸ್ಥಿರಜ್ಜುಗಳಿಗೆ ಸುಣ್ಣ ಕಟ್ಟಿ ಬೆನ್ನು ಬಾಗುವುದಿಲ್ಲ.

ಅರಿವಳಿಕೆಗೆ ಇದರಿಂದ ಎರಡು ಕಡೆ ತೊಡಕು. ಬೆನ್ನು ಬಾಗಿಸದಿದ್ದರೆ ಮೂಳೆಗಳ ನಡುವಿನ ಸಂದಿ ತೆರೆಯದು. ಜೋಮಿನ ಸೂಜಿ ಮತ್ತೆ ಮತ್ತೆ ಚುಚ್ಚಬೇಕಾಗಬಹುದು, ಕೆಲವೊಮ್ಮೆ ಸಾಧ್ಯವೇ ಆಗದು. ಆಗ ಪೂರ್ತಿ ಮತ್ತು ಕೊಡೋಣವೆಂದರೆ ಕತ್ತು ಹಿಂದಕ್ಕೆ ಬಾಗದ್ದರಿಂದ ನಳಿಕೆ ಇಳಿಸುವುದೂ ಕಷ್ಟ. ಇದು ಟೇಬಲ್ಲಿನ ಮೇಲೆ ಗೊತ್ತಾಗಬಾರದು, ಹಿಂದಿನ ದಿನವೇ ಗೊತ್ತಾಗಬೇಕು. ಅದಕ್ಕೆ ಎಕ್ಸ್‌ರೇಗಿಂತ ಮೊದಲು ಬೇಕಾದದ್ದು ಮೂರು ಮಾತು: ‘ಸೂರು ನೋಡಿ’, ‘ಗದ್ದ ಎದೆಗೆ ತಾಗಿಸಿ’, ‘ಯಾವ ಊರಿನ ಬೋರ್ ನೀರು ಕುಡೀತೀರಿ?’.

ಫ್ಲೋರೈಡ್‌ನ ಬೆನ್ನುನೋವು ಇನ್ನೊಂದು ತಪ್ಪು ನಂಬಿಕೆಯೊಂದಿಗೆ ಕಲೆತುಹೋಗಿದೆ. ‘ಹೆರಿಗೇಲಿ ಬೆನ್ನಿಗೆ ಸೂಜಿ ಹಾಕಿದ್ರು, ಅವತ್ತಿಂದ ಸೊಂಟ ಹೋಯ್ತು’ ಎಂಬ ಮಾತು ಈ ಜಿಲ್ಲೆಯಲ್ಲಷ್ಟೇ ಅಲ್ಲ, ಕರ್ನಾಟಕದ ಉದ್ದಕ್ಕೂ ಕೇಳಿಬರುತ್ತದೆ. ಸೂಜಿ ಚುಚ್ಚಿದ ಕಡೆ ಕೆಲವು ದಿನ ನೋವಿರುವುದು ನಿಜ. ವರ್ಷಗಟ್ಟಲೆ ಉಳಿಯುವ ಸೊಂಟನೋವಿಗೆ ಆ ಸೂಜಿ ಕಾರಣವೆಂದು ಸಂಶೋಧನೆಗಳು ತೋರಿಸಿಲ್ಲ. ಬಸಿರು, ಹೆರಿಗೆ, ಮಗು ಎತ್ತಿ ಆಡಿಸುವ ಭಾರ ಇವೇ ಸೊಂಟ ನೋಯಿಸಬಲ್ಲವು. ಈ ಸೀಮೆಯಲ್ಲಿ ನೀರೂ ಸೇರಿರಬಹುದು. ಹಾಗೆಂದು ಆ ಹೆಂಗಸಿನ ಮಾತನ್ನು ತಳ್ಳಿಹಾಕಬಾರದು. ಹೆರಿಗೆಗೆ ಮುಂಚೆ ಬೆನ್ನು ಹೇಗಿತ್ತೆಂದು ಯಾರಾದರೂ ಕೇಳಿ ಬರೆದಿಟ್ಟಿದ್ದರೆ, ನೋವು ಸೂಜಿಯದೋ ಹಿಂದಿನಿಂದ ಇದ್ದದ್ದೋ ಎಂದು ಆಕೆಗೇ ತಿಳಿಯುತ್ತಿತ್ತು.

6. ‘ಬರೀ ಒಂದು ಲೋಟ ಕಾಫಿ’

ಎಲ್ಲ ಸೀಮೆಗೂ ಅನ್ವಯಿಸುವ, ಆದರೆ ಪ್ರತಿ ಸೀಮೆಯಲ್ಲೂ ಬೇರೆ ರೂಪ ತಾಳುವ ಅಪಾಯವೊಂದಿದೆ. ಮತ್ತು ಏರಿದಾಗ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿದರೆ ಉಸಿರು ಕಟ್ಟಬಹುದು, ಸುಟ್ಟಂತೆ ಶ್ವಾಸಕೋಶ ಹಾಳಾಗಬಹುದು. ನ್ಯೂಯಾರ್ಕಿನ ಮೆಂಡೆಲ್ಸನ್ 1946ರಲ್ಲಿ 44,016 ಬಸುರಿಯರ ದಾಖಲೆ ನೋಡಿ ಇಂಥ 66 ಪ್ರಕರಣ ಎಣಿಸಿದ. ಆಮೇಲೆಯೇ ಹೊಟ್ಟೆ ಖಾಲಿ ಇರಬೇಕೆಂಬ ನಿಯಮ ಬಿಗಿಯಾದದ್ದು. ಇವತ್ತಿನ ಮಾರ್ಗಸೂಚಿಯಂತೆ ಬರೀ ನೀರನ್ನು ಎರಡು ಗಂಟೆ ಮುಂಚಿನವರೆಗೆ ಕುಡಿಯಬಹುದು. ಹಾಲು ಮತ್ತು ಹಗುರ ಊಟಕ್ಕೆ ಆರು ಗಂಟೆ, ಎಣ್ಣೆಯಲ್ಲಿ ಕರಿದದ್ದು, ಮಾಂಸದೂಟಕ್ಕೆ ಎಂಟು ಗಂಟೆ ಅಂತರ ಬೇಕು.

‘ಏನೂ ತಿನ್ನಬೇಡಿ’ ಎಂದರೆ ನಮ್ಮವರು ತಿನ್ನುವುದಿಲ್ಲ, ಆದರೆ ಕುಡಿಯುತ್ತಾರೆ. ಬೆಳಗಿನ ಹಾಲು ಹಾಕಿದ ಕಾಫಿ, ರಾಗಿ ಅಂಬಲಿ, ಮಜ್ಜಿಗೆ ಇವು ಯಾವುವೂ ಅವರ ಲೆಕ್ಕದಲ್ಲಿ ತಿಂಡಿಯಲ್ಲ. ‘ಖಾಲಿ ಹೊಟ್ಟೆ’ ಎಂಬುದೂ ಹಾಗೆಯೇ. ಕಾಫಿ ಕುಡಿದು ಬಂದವರು ಖಾಲಿ ಹೊಟ್ಟೆಯಲ್ಲಿ ಬಂದೆ ಎನ್ನುವುದು ಸುಳ್ಳಲ್ಲ, ವಾಡಿಕೆ. ಬೈಯುತ್ತಾರೆ, ಆಪರೇಷನ್ ಮುಂದಕ್ಕೆ ಹಾಕುತ್ತಾರೆ ಎಂಬ ಹೆದರಿಕೆಯಿಂದ ಕುಡಿದದ್ದನ್ನು ಮುಚ್ಚಿಡುವವರೂ ಇದ್ದಾರೆ. ಆದ್ದರಿಂದ ನಿಷೇಧದ ಜೊತೆಗೆ ಕಾರಣ ಹೇಳಬೇಕು, ಕುಡಿದಿದ್ದರೆ ಹೇಳಿದವರಿಗೆ ಬೈಗುಳ ಇಲ್ಲವೆಂದೂ ಹೇಳಬೇಕು. ಹಿಂದಿನ ರಾತ್ರಿಯಿಂದ ನೀರೂ ಮುಟ್ಟದೆ ಮಧ್ಯಾಹ್ನದವರೆಗೆ ಒಣಗಿ ಕೂರುವ ಮುದುಕರಿಗೆ, ಎರಡು ಗಂಟೆ ಮುಂಚಿನವರೆಗೆ ನೀರು ಕುಡಿಯಬಹುದೆಂದು ಹೇಳುವುದೂ ಅಷ್ಟೇ ಮುಖ್ಯ.

7. ಅಂಕಿಯನ್ನು ಊರಳತೆಗೆ ತರುವುದು

‘ಹತ್ತು ಲಕ್ಷದಲ್ಲಿ 34’ ಎಂದರೆ ಬಹಳ ಓದಿದವರಿಗೂ ಚಿತ್ರ ಮೂಡುವುದಿಲ್ಲ. 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ, 2 ಕೋಟಿಗೂ ಹೆಚ್ಚು ಅರಿವಳಿಕೆಗಳ ದಾಖಲೆಯನ್ನು ಒಟ್ಟುಗೂಡಿಸಿದ ಅಧ್ಯಯನದ ಅಂಕಿ ಅದು. ಅರಿವಳಿಕೆಯೊಂದೇ ಕಾರಣವಾದ ಸಾವು 1970ಕ್ಕೆ ಮುಂಚೆ ಹತ್ತು ಲಕ್ಷಕ್ಕೆ 357 ಇದ್ದದ್ದು, 1990ರ ನಂತರದ ದಶಕಗಳಲ್ಲಿ 34ಕ್ಕೆ ಇಳಿದಿತ್ತು. ಇದನ್ನು ಮುಳಬಾಗಿಲಿನ ಅಳತೆಗೆ ತರೋಣ. 2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ ಸುಮಾರು 57 ಸಾವಿರ. ಇಡೀ ಪಟ್ಟಣದ ಒಬ್ಬೊಬ್ಬರಿಗೂ ಒಮ್ಮೆ ಅರಿವಳಿಕೆ ಕೊಟ್ಟರೆಂದುಕೊಳ್ಳಿ. ಈ ದರದಲ್ಲಿ ಅರಿವಳಿಕೆಯಿಂದಲೇ ಸಾಯುವವರು ಇಬ್ಬರು.

ಬ್ರಿಟನ್ನಿನ ಅರಿವಳಿಕೆ ತಜ್ಞರ ರಾಯಲ್ ಕಾಲೇಜು ನಡೆಸಿದ ರಾಷ್ಟ್ರೀಯ ಲೆಕ್ಕಗಳನ್ನೂ ಹೀಗೆಯೇ ಇಳಿಸಬಹುದು. 2009ರ ವರದಿಯಂತೆ ಬೆನ್ನಿನ ಸೂಜಿಯಿಂದ ಶಾಶ್ವತ ಹಾನಿ ಲಕ್ಷಕ್ಕೆ ಎರಡರಿಂದ ನಾಲ್ಕು. ನಮ್ಮ ಪಟ್ಟಣದಲ್ಲಿ ಒಬ್ಬರು ಅಥವಾ ಇಬ್ಬರು. 2014ರ ವರದಿಯಂತೆ ಪೂರ್ತಿ ಮತ್ತಿನ ನಡುವೆ ಎಚ್ಚರವಾದದ್ದನ್ನು ಆಮೇಲೆ ಹೇಳಿಕೊಂಡವರು 19,000ಕ್ಕೆ ಒಬ್ಬರು, ಪಟ್ಟಣದಲ್ಲಿ ಮೂವರು. 2018ರ ವರದಿಯಂತೆ ಜೀವಕ್ಕೆ ಎರವಾಗಬಲ್ಲ ಅಲರ್ಜಿ 10,000ಕ್ಕೆ ಒಬ್ಬರು; ಪಟ್ಟಣದಲ್ಲಿ ಐದಾರು ಮಂದಿ. ತೆಳ್ಳನೆಯ ಸೂಜಿ ಬಳಸಿದರೂ ಬೆನ್ನಿನ ಅರಿವಳಿಕೆಯ ನಂತರ ತಲೆನೋವು ಬರುವುದು ನೂರಕ್ಕೆ ಒಬ್ಬರ ಸುಮಾರಿಗೆ; ಪಟ್ಟಣದಲ್ಲಿ 570 ಮಂದಿ. ಎದ್ದು ಕೂತರೆ ಹೆಚ್ಚಿ ಮಲಗಿದರೆ ಇಳಿಯುವ ಆ ತಲೆನೋವಿಗೆ ಚಿಕಿತ್ಸೆಯಿದೆ. ಆದರೆ ಅದು ಏನೆಂದು ಮೊದಲೇ ಗೊತ್ತಿರದ ಬಾಣಂತಿ ಸುಮ್ಮನೆ ಸಹಿಸುತ್ತಾಳೆ.

ಇವು ಹೆಚ್ಚಾಗಿ ಹೊರದೇಶದ, ಅನುಕೂಲವಿರುವ ಆಸ್ಪತ್ರೆಗಳ ಅಂಕಿಗಳು. ಬಡ ದೇಶಗಳಲ್ಲಿ ಸಾವಿನ ಪ್ರಮಾಣ ಹೆಚ್ಚೆಂದು ಮೇಲಿನ ಲ್ಯಾನ್ಸೆಟ್ ಅಧ್ಯಯನವೇ ಹೇಳುತ್ತದೆ. ಹೃದಯರೋಗ, ತೀವ್ರ ರಕ್ತಹೀನತೆ, ಉಸಿರಾಟದ ಕಾಯಿಲೆ ಇದ್ದವರಿಗೆ ಲೆಕ್ಕವೇ ಬೇರೆ. ಆದ್ದರಿಂದ ಊರಳತೆಯನ್ನು ಭರವಸೆಯಾಗಿ ಕೊಡಬಾರದು. ಯಾವುದು ದೊಡ್ಡ ಅಪಾಯ, ಯಾವುದು ಸಣ್ಣದು, ಯಾವುದು ಬಂದುಹೋಗುವಂಥದು ಎಂಬ ತಾರತಮ್ಯ ಮನಸ್ಸಿಗೆ ಇಳಿಯಲು ಅದು ಸಹಾಯಕ.

8. ಯಾರು, ಯಾವಾಗ, ಹೇಗೆ

ಸಾಮಾನ್ಯ ಅನುಭವವೇನೆಂದರೆ, ಕತ್ತರಿ ಹಿಡಿಯುವ ಸರ್ಜನ್ ರೋಗಿಗೆ ಪರಿಚಿತ. ಮತ್ತು ಕೊಡುವವರು ಅಪರಿಚಿತರು. ‘ಫಿಟ್‌ನೆಸ್ ತಗೊಂಡು ಬನ್ನಿ’ ಎಂಬ ಮಾತಿನಲ್ಲಿ ಆ ಭೇಟಿ ಒಂದು ಚೀಟಿಯಾಗಿ ಮುಗಿಯುತ್ತದೆ. ತಾಲ್ಲೂಕು ಮಟ್ಟದಲ್ಲಿ ಅರಿವಳಿಕೆ ತಜ್ಞರ ಕೊರತೆ ದೇಶದ ಉದ್ದಕ್ಕೂ ಇದೆ. ಹೆರಿಗೆಯ ತುರ್ತಿಗಾಗಿ ಎಂಬಿಬಿಎಸ್ ವೈದ್ಯರಿಗೆ ಜೀವರಕ್ಷಕ ಅರಿವಳಿಕೆ ತರಬೇತಿ ಕೊಡುವ ಸರ್ಕಾರಿ ಯೋಜನೆ ಹುಟ್ಟಿದ್ದು ಇದೇ ಕಾರಣಕ್ಕೆ. ಕೆಲಸದ ಒತ್ತಡದಲ್ಲಿರುವ ಒಬ್ಬಿಬ್ಬರು ತಜ್ಞರ ಮೇಲೆ ಇಡೀ ಹೊಣೆ ಹೊರಿಸುವುದು ನ್ಯಾಯವಲ್ಲ.

ಆದರೂ ಆ ಭೇಟಿಗೆ ಬೆಲೆಯಿದೆ. 1963ರಲ್ಲಿ ಬಾಸ್ಟನ್ನಿನ ಎಗ್‌ಬರ್ಟ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವಳಿಕೆ ವೈದ್ಯರು ಬಂದು ಮಾತಾಡಿಸಿದ ರೋಗಿಗಳನ್ನೂ ಬರೀ ನಿದ್ರೆಯ ಔಷಧಿ ಪಡೆದವರನ್ನೂ ಹೋಲಿಸಿದರು. ಮಾತಾಡಿಸಿಕೊಂಡವರೇ ಹೆಚ್ಚು ಶಾಂತವಾಗಿದ್ದರು. ಅಪಾಯ ಹೇಳಿದರೆ ರೋಗಿ ಹೆದರಿ ಓಡಿಹೋಗುತ್ತಾನೆ ಎಂಬ ಭಯಕ್ಕೆ ಇದು ಹಳೆಯದಾದರೂ ಗಟ್ಟಿಯಾದ ಉತ್ತರ.

ಹೊಣೆ ಹಂಚಿಕೊಳ್ಳುವ ಮಾದರಿಯೊಂದು ನಮ್ಮ ಕಾನೂನಿನಲ್ಲೇ ಇದೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ಶಿಬಿರಗಳ ಬಗ್ಗೆ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2016ರ ಸೆಪ್ಟೆಂಬರ್ 14ರಂದು ಮೂರು ಮಾತು ಹೇಳಿತು. ಪರಿಶೀಲನಾ ಪಟ್ಟಿ ಸ್ಥಳೀಯ ಭಾಷೆಯಲ್ಲಿರಬೇಕು. ವಿವರಿಸಿದ್ದೇವೆ, ಅವರಿಗೆ ಅರ್ಥವಾಗಿದೆ ಎಂದು ವೈದ್ಯರಲ್ಲದೆ ತರಬೇತಿ ಪಡೆದ ಆಪ್ತಸಮಾಲೋಚಕರೂ, ಅವರು ಆಶಾ ಕಾರ್ಯಕರ್ತೆಯೇ ಆಗಿರಬಹುದು, ಪ್ರಮಾಣೀಕರಿಸಬೇಕು. ಆಮೇಲೆ ಮನಸ್ಸು ಬದಲಿಸಲು ಸುಮಾರು ಒಂದು ಗಂಟೆಯ ಬಿಡುವು ಕೊಡಬೇಕು. ಸಂತಾನಹರಣಕ್ಕೆ ಹೇಳಿದ ಈ ಮೂರನ್ನೂ ತುರ್ತಲ್ಲದ ಎಲ್ಲ ಶಸ್ತ್ರಚಿಕಿತ್ಸೆಯ ಅರಿವಳಿಕೆಗೂ ಅಳವಡಿಸಿಕೊಳ್ಳಲು ಅಡ್ಡಿಯಿಲ್ಲ. ಊರಿನ ನೀರು, ತೋಟದ ಔಷಧಿ, ದೊಡ್ಡಪ್ಪನಿಗೆ ಹಾಕಿದ ಮಿಷನ್, ಇವನ್ನು ಮನೆಯ ಜಗಲಿಯ ಮೇಲೆ ಕೂತು, ಮನೆಯ ಮಾತಿನಲ್ಲಿ ಕೇಳಿ ಬರೆದುಕೊಳ್ಳುವುದಕ್ಕೆ ಆಶಾ ಅಕ್ಕನಿಗಿಂತ ಸರಿಯಾದವರು ಸಿಗುವುದಿಲ್ಲ.

ಉಳಿದದ್ದು ವೈದ್ಯರ ಐದು ನಿಮಿಷ. ಆ ಐದು ನಿಮಿಷ ಹೇಗಿರಬಹುದೆಂದು ಒಂದು ಮಾದರಿ ಬರೆಯುತ್ತೇನೆ:

‘ಅಮ್ಮಾ, ನಾಳೆ ನಿಮಗೆ ಮತ್ತು ಕೊಡೋದು ನಾನು. ಆಪರೇಷನ್ ಮಾಡೋ ಡಾಕ್ಟರು ಬೇರೆ. ಮುಗಿಯೋ ತನಕ ನಿಮ್ಮ ಉಸಿರು, ನಾಡಿ ನೋಡ್ಕೊಂಡು ತಲೆ ಹತ್ರಾನೇ ಇರ್ತೀನಿ. ನಿಮ್ಮ ಮನೇಲಿ ಯಾರಿಗಾದ್ರೂ ಆಪರೇಷನ್ ಆದ್ಮೇಲೆ ಎಚ್ಚರ ಆಗೋಕೆ ತಡ ಆಗಿತ್ತಾ?’

‘ಇಲ್ಲ ಕಣಮ್ಮ. ನಮ್ಮಣ್ಣಂಗೆ ಮಾತ್ರ ಕೋಲಾರದಲ್ಲಿ ರಾತ್ರಿಯೆಲ್ಲಾ ಮಿಷನ್ನಾಗೆ ಇಟ್ಟಿದ್ರು.’

‘ಅದನ್ನೇ ನಾನು ಕೇಳಿದ್ದು. ಒಳ್ಳೇದಾಯ್ತು ಹೇಳಿದ್ದು. ಒಂದು ರಕ್ತಪರೀಕ್ಷೆ ಮಾಡಿಸೋಣ; ಸ್ಕೋಲಿನ್ ಅನ್ನೋ ಔಷಧಿ ಬಿಟ್ಟು ಬೇರೇದು ಕೊಡ್ತೀನಿ. ಈಗ ನಾನು ಹೇಳಿದ್ದು ಏನು ಅಂತ ನಿಮ್ಮ ಮಗಳಿಗೆ ನೀವೇ ಹೇಳಿ ನೋಡೋಣ, ನಾನು ಸರಿಯಾಗಿ ಹೇಳಿದೀನಾ ಅಂತ ಗೊತ್ತಾಗ್ಲಿ.’

ಈ ಕೊನೆಯ ಕೋರಿಕೆಯೇ ಇಡೀ ವಿಧಾನದ ಕೀಲಿ. ‘ಅರ್ಥ ಆಯ್ತಾ?’ ಎಂದರೆ ಎಲ್ಲರೂ ‘ಆಯ್ತು’ ಎನ್ನುತ್ತಾರೆ. ದೊಡ್ಡವರೆದುರು ಇಲ್ಲವೆನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ. ತಿರುಗಿ ಹೇಳಿಸಿದಾಗ ಮಾತ್ರ ಏನು ಮುಟ್ಟಿತು, ಏನು ಬಿಟ್ಟುಹೋಯಿತು ಎಂಬುದು ಕಾಣುತ್ತದೆ.

9. ನಿರ್ಣಯ

ಅರಿವಳಿಕೆಯ ಅಪಾಯಗಳ ಒಂದು ಸಾಮಾನ್ಯ ಪಟ್ಟಿ ಎಲ್ಲ ಕಡೆಗೂ ಬೇಕು. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು, ಕೋಲಾರದ ಆಸ್ಪತ್ರೆಗಳಲ್ಲಿ ಅದರ ಕೆಳಗೆ ನಾಲ್ಕು ಪ್ರಶ್ನೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ತೆಲುಗಿನಲ್ಲೂ ಉರ್ದುವಿನಲ್ಲೂ ಬಾಯಲ್ಲಿ ಕೇಳಬೇಕು: ಮನೆಯಲ್ಲಿ ಯಾರಿಗಾದರೂ ಆಪರೇಷನ್ ನಂತರ ಉಸಿರಿಗೆ ಮಿಷನ್ ಹಾಕಿದ್ದರೇ? ತೋಟಕ್ಕೆ ಔಷಧಿ ಹೊಡೆದು ಎಷ್ಟು ದಿನವಾಯಿತು? ಕತ್ತು, ಬೆನ್ನು ಬಾಗುತ್ತದೆಯೇ, ಕುಡಿಯುವುದು ಯಾವ ನೀರು? ಕೊನೆಗೆ ಕುಡಿದದ್ದು ಏನು, ಯಾವಾಗ? ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಹುದ್ದೆ ಬೇಡ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯ ನಂತರ ಎಚ್ಚರವಾಗಲು, ಉಸಿರು ಮರಳಲು ತಡವಾಗಿದ್ದರೆ ಆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನು ಹುಡುಕಿ ತೆಗೆದಿಡಿ. ಅವರ ಒಡಹುಟ್ಟಿದವರಿಗೂ ಮಕ್ಕಳಿಗೂ ವಿಷಯ ತಿಳಿಸಿ, ಆಧಾರ್ ಕಾರ್ಡಿನ ಜೊತೆ ಒಂದು ಚೀಟಿ ಬರೆದಿಡಿ. ಮುಂದಿನ ಸಲ ಆಪರೇಷನ್‌ಗೆ ಹೋದಾಗ ಯಾರೂ ಕೇಳದಿದ್ದರೂ ಅದನ್ನು ನೀವಾಗಿಯೇ ತೋರಿಸಿ.